ಸಿಂಕು, ಬಚ್ಚಲು ಕಟ್ಟಿಕೊಂಡಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ನೆಂಟರು, ಅಕ್ಕಪಕ್ಕದವರು ನನ್ನನ್ನು ಅಡುಗೆ ಬಗ್ಗೆ ಕೇಳುವುದಕ್ಕಿಂತ ಸಿಂಕಿನ ಬಗ್ಗೆ ಕೇಳುವುದೇ ಜಾಸ್ತಿ. ಬಾಡಿಗೆ ಮನೆಗಳಲ್ಲಿ ಇದ್ದು ಇದ್ದು, ಪ್ಲಂಬರ್ ಬರುವ ತನಕ ಕಾದು ಕಾದು ಕಲಿತ ವಿದ್ಯೆ ಇದು. ಅವರು ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಇಲ್ಲಿ ಬರೆದಿದ್ದೇನೆ.

ಸಿಂಕಿನಲ್ಲಿ ನೀರು ನಿಂತುಬಿಟ್ಟಿದೆ. ಮೊದಲು ಏನು ಮಾಡಲಿ?

ನಲ್ಲಿ ನಿಲ್ಲಿಸಿ. ಏನನ್ನೂ ಸುರಿಯಬೇಡಿ. ಅಂಗಡಿಗೆ ಹೋಗಿ ಪುಡಿ ತರಬೇಡಿ.

ಆಮೇಲೆ ಮನೆಯಲ್ಲಿ ಒಂದು ಸುತ್ತು ಬನ್ನಿ. ಬಚ್ಚಲಲ್ಲಿ ಒಂದು ಮಗ್ಗು ನೀರು ಹಾಕಿ, ವಾಷ್ ಬೇಸಿನ್ನಿನ ನಲ್ಲಿ ಬಿಟ್ಟು ನೋಡಿ. ಅಲ್ಲೆಲ್ಲ ನೀರು ಸಲೀಸಾಗಿ ಇಳಿದರೆ ತೊಂದರೆ ಇರುವುದು ಸಿಂಕಿನ ಕೆಳಗೇ, ನಿಮ್ಮ ಕೈಗೆ ಸಿಗುವ ಜಾಗದಲ್ಲೇ. ಎಲ್ಲ ಕಡೆಯೂ ನಿಧಾನವಾಗಿ ಇಳಿಯುತ್ತಿದ್ದರೆ ಹೊರಗಿನ ಚೇಂಬರ್ (ಮನೆಯ ಪೈಪುಗಳೆಲ್ಲ ಬಂದು ಸೇರುವ, ಮುಚ್ಚಳವಿರುವ ಗುಂಡಿ) ಹತ್ತಿರವೋ ಅದರಾಚೆಯೋ ಕಟ್ಟಿಕೊಂಡಿದೆ. ನೀವು ನಲ್ಲಿ ಬಿಡದಿದ್ದರೂ ಬಚ್ಚಲಲ್ಲಿ ನೀರು ಮೇಲೆ ಬರುತ್ತಿದ್ದರೆ ಅದು ಮೇಲಿನ ಮನೆಯವರ ನೀರು, ಕಟ್ಟಿರುವುದು ಎಲ್ಲರಿಗೂ ಸೇರಿದ ಪೈಪು. ಎರಡು ನಿಮಿಷದ ಈ ಕೆಲಸ ಮಾಡಿದರೆ ಯಾರನ್ನು ಕರೆಯಬೇಕು, ಕರೆಯಬೇಕಾ ಬೇಡವಾ ಅನ್ನುವುದು ಗೊತ್ತಾಗುತ್ತದೆ.

ಸಿಂಕಿನ ಕೆಳಗಿನ ಪೈಪು ನಾನೇ ಬಿಚ್ಚಬಹುದಾ? ಮತ್ತೆ ಕೂರಿಸಲು ಬರದಿದ್ದರೆ?

ಬಿಚ್ಚಬಹುದು. ಪ್ಲಾಸ್ಟಿಕ್ ಬಾಟಲ್ ಟ್ರ್ಯಾಪ್, ಅಂದರೆ ಸಿಂಕಿನ ಕೆಳಗೆ ಸ್ವಲ್ಪ ನೀರು ಹಿಡಿದಿಟ್ಟುಕೊಳ್ಳುವ ಬಾಟಲಿಯಂಥ ಭಾಗ ಆದರೆ, ಕೈಯಲ್ಲೇ ತಿರುಗುತ್ತದೆ. ಡಬ್ಬದ ಮುಚ್ಚಳ ತೆಗೆಯಲು ಬರುವವರಿಗೆಲ್ಲ ಇದು ಬರುತ್ತದೆ.

ಸಿಂಕಿನಲ್ಲಿ ನಿಂತ ನೀರನ್ನು ಮೊದಲು ಲೋಟದಲ್ಲಿ ಮೊಗೆದು ತೆಗೆಯಿರಿ. ಕೆಳಗಿನ ಕಪಾಟು ಖಾಲಿ ಮಾಡಿ, ಟ್ರ್ಯಾಪಿನ ಅಡಿಗೆ ಬಕೆಟ್ ಇಡಿ. ಇದನ್ನು ಮರೆಯುವವರೇ ಹೆಚ್ಚು, ಆಮೇಲೆ ಅಡುಗೆಮನೆ ತುಂಬ ಒರೆಸುತ್ತಾ ಕೂರುತ್ತಾರೆ. ಬಾಟಲಿನ ತಳದ ಕಪ್ಪನ್ನು ಎಡಕ್ಕೆ ತಿರುಗಿಸಿ. ಬಿಗಿಯಾಗಿದ್ದರೆ ಒದ್ದೆ ಬಟ್ಟೆ ಸುತ್ತಿ ಹಿಡಿಯಿರಿ. ಇಕ್ಕಳ ಹಾಕಿದರೆ ಹಳೇ ಪ್ಲಾಸ್ಟಿಕ್ ಸೀಳಬಹುದು, ಅದಕ್ಕೇ ಅದು ಕೊನೆಗೆ ಇರಲಿ.

ನಾನು ಮೊದಲ ಸಲ ಬಿಚ್ಚಿದಾಗ ಕಂಡದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬೂದು ಬಣ್ಣದ ಲೋಳೆ, ಮುಟ್ಟಿದರೆ ಗಟ್ಟಿ ತುಪ್ಪದ ಹಾಗೆ. ಅದರೊಳಗೆ ಸಾಸಿವೆ ಕಾಳು, ಕರಿಬೇವಿನ ಕಡ್ಡಿ, ಹುಣಸೆ ನಾರು, ಪಾತ್ರೆ ಉಜ್ಜುವ ಸ್ಟೀಲ್ ಜುಂಗಿನ ಎಳೆಗಳು. ತಳದಲ್ಲಿ ಮಗುವಿಗೆ ಔಷಧಿ ಕುಡಿಸುವ ಪುಟ್ಟ ಚಮಚ. ಮೂರು ವಾರ ಹುಡುಕಿ ಬಿಟ್ಟಿದ್ದೆವು ಅದನ್ನು. ಚಮಚ ಅಡ್ಡ ನಿಂತಿತ್ತು, ಅದಕ್ಕೆ ಎಳೆಗಳು ಸಿಕ್ಕಿಕೊಂಡಿದ್ದವು, ಎಳೆಗಳಿಗೆ ಜಿಡ್ಡು ಹಿಡಿದಿತ್ತು. ಇಷ್ಟು ಕಣ್ಣಾರೆ ನೋಡಿದ ಮೇಲೆ ಯಾವ ಪುಡಿ ಹಾಕಿದ್ದರೂ ಆ ಚಮಚ ಕರಗುತ್ತಿರಲಿಲ್ಲ ಅಂತ ಅರ್ಥವಾಯಿತು.

ಕಪ್ಪನ್ನು ಹಳೇ ಟೂತ್‌ಬ್ರಶ್‌ನಿಂದ ಸೋಪು ಹಾಕಿ ಉಜ್ಜಿ. ಆದರೆ ಆ ಸಿಂಕಿನಲ್ಲೇ ಇಟ್ಟು ನಲ್ಲಿ ಬಿಡಬೇಡಿ, ಕೆಳಗೆ ಪೈಪೇ ಇಲ್ಲ! ಬಚ್ಚಲಲ್ಲೂ ಬೇಡ, ಬಕೆಟ್ಟಿನ ಮೇಲೆ ಹಿಡಿದು ತೊಳೆಯಿರಿ. ಕೆಸರನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿ. ಮತ್ತೆ ಕೂರಿಸುವಾಗ ರಬ್ಬರ್ ವಾಷರ್ ಮಡಚಿಕೊಳ್ಳದೆ ಸಮನಾಗಿ ಕೂತಿದೆಯಾ ನೋಡಿ. ಕೈಯಲ್ಲಿ ಬಿಗಿ ಮಾಡಿದರೆ ಸಾಕು. ಸಿಂಕನ್ನು ಅರ್ಧ ತುಂಬಿಸಿ ಒಮ್ಮೆಲೇ ಬಿಡಿ, ಒಂದು ಒಣ ಕಾಗದವನ್ನು ಕೀಲುಗಳ ಸುತ್ತ ಒತ್ತಿ. ಕಾಗದ ಒದ್ದೆಯಾದರೆ ವಾಷರ್ ಸರಿಯಾಗಿ ಕೂತಿಲ್ಲ.

ನಮ್ಮಲ್ಲಿ ಬಾಟಲ್ ಇಲ್ಲ, ಸುರುಳಿ ಸುರುಳಿಯಾದ ಬಿಳಿ ಪೈಪು ನೇರವಾಗಿ ಗೋಡೆಯೊಳಗೆ ಹೋಗಿದೆ. ಅದು?

ಅದು ಫ್ಲೆಕ್ಸಿಬಲ್ ವೇಸ್ಟ್ ಪೈಪು. ಒಳಗಿನ ಪ್ರತಿ ಮಡಿಕೆಯಲ್ಲೂ ಜಿಡ್ಡು ಕೂರುತ್ತದೆ. ತೊಳೆಯಲು ಹೆಣಗಾಡುವುದಕ್ಕಿಂತ ಹೊಸದು ಹಾಕುವುದೇ ಸುಲಭ, ಬೆಲೆಯೂ ಕಡಿಮೆ. ಗೋಡೆಗೆ ಸೇರುವ ಜಾಗದಲ್ಲಿ ಸಂದು ಬಿಟ್ಟಿದ್ದರೆ ಜಿರಳೆ ಬರುವ ದಾರಿ ಅದೇ. ರಬ್ಬರ್ ರಿಂಗ್ ಹಾಕಿ ಮುಚ್ಚಿ. ಸಾಧ್ಯವಿದ್ದರೆ ಬಾಟಲ್ ಟ್ರ್ಯಾಪ್‌ಗೇ ಬದಲಾಯಿಸಿಕೊಳ್ಳಿ.

ಪ್ಲಂಜರ್ ಒತ್ತಿ ಒತ್ತಿ ಸಾಕಾಯಿತು. ಏನೂ ಆಗಲಿಲ್ಲ. ಯಾಕೆ?

ಎಲ್ಲಿಂದಲೋ ಗಾಳಿ ತಪ್ಪಿಸಿಕೊಳ್ಳುತ್ತಿರಬೇಕು. ಸಿಂಕಿನ ಮೇಲಂಚಿನಲ್ಲಿ ತುಂಬಿ ಹರಿಯಲು ಒಂದು ತೂತು ಇರುತ್ತದಲ್ವಾ, ಅದಕ್ಕೆ ಒದ್ದೆ ಬಟ್ಟೆ ತುರುಕಿ. ಎರಡು ಸಿಂಕಿದ್ದರೆ ಇನ್ನೊಂದನ್ನೂ ಮುಚ್ಚಿ, ಒಬ್ಬರು ಒತ್ತಿ ಹಿಡಿದರೆ ಇನ್ನೂ ಒಳ್ಳೆಯದು. ರಬ್ಬರ್ ಕಪ್ಪು ಮುಳುಗುವಷ್ಟು ನೀರು ಬೇಕು, ಒಣ ಸಿಂಕಿನಲ್ಲಿ ಒತ್ತಿದರೆ ಸುಮ್ನೆ ಶಬ್ದ ಬರುತ್ತದೆ ಅಷ್ಟೇ. ಅಂಚಿಗೆ ಸ್ವಲ್ಪ ವ್ಯಾಸಲಿನ್ ಸವರಿ, ನಿಧಾನವಾಗಿ ಒತ್ತಿ, ಜೋರಾಗಿ ಮೇಲಕ್ಕೆ ಎಳೆಯಿರಿ. ಒತ್ತುವುದಷ್ಟೇ ಅಲ್ಲ, ಎಳೆಯುವುದರಿಂದಲೂ ಕಸ ಸಡಿಲವಾಗುತ್ತದೆ. ಹದಿನೈದು ಇಪ್ಪತ್ತು ಸಲ ಬಿಡದೆ ಮಾಡಿ.

ಮೊದಲೇ ಪುಡಿಯನ್ನೋ ಆಸಿಡ್ಡನ್ನೋ ಹಾಕಿದ್ದರೆ ಮಾತ್ರ ಪ್ಲಂಜರ್ ಮುಟ್ಟಬೇಡಿ. ಮುಖಕ್ಕೆ ಸಿಡಿಯುತ್ತದೆ.

ನಾವು ಅನ್ನ, ತರಕಾರಿ ಏನೂ ಸಿಂಕಿಗೆ ಬಿಡುವುದಿಲ್ಲ. ಆದರೂ ಕಟ್ಟಿಕೊಳ್ಳುವುದು ಯಾಕೆ?

ಕಣ್ಣಿಗೆ ಕಾಣುವುದನ್ನು ಜಾಲರಿ ಹಿಡಿಯುತ್ತದೆ. ಪೈಪು ಕಟ್ಟುವುದು ಕಾಣದೆ ಇಳಿದು ಹೋಗುವ ವಸ್ತುಗಳಿಂದ.

ಮೊದಲನೆಯದು ಎಣ್ಣೆ, ತುಪ್ಪ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ, ತುಪ್ಪವೂ ಹಾಗೆಯೇ. ಬೆಂಗಳೂರು, ಮಡಿಕೇರಿಯ ಚಳಿಗಾಲದ ರಾತ್ರಿ ನೆಲದಡಿಯ ಪೈಪಿನಲ್ಲಿ ಅವು ದ್ರವವಾಗಿ ಉಳಿಯುವುದಿಲ್ಲ. ಗೋಡೆಗೆ ತೆಳ್ಳಗೆ ಅಂಟಿಕೊಳ್ಳುತ್ತವೆ. ಅದರ ಮೇಲೆ ಬೇರೆಲ್ಲ ಬಂದು ಕೂರುತ್ತವೆ. ಮುಖ್ಯವಾಗಿ ನಮ್ಮ ಹಿಟ್ಟುಗಳು. ದೋಸೆ ಹಿಟ್ಟಿನ ಪಾತ್ರೆ ತೊಳೆದ ನೀರು ನೋಡಿದ್ದೀರಲ್ವಾ? ಉದ್ದಿನ ಲೋಳೆ ಬೆರಳಿಗೇ ಅಂಟುತ್ತದೆ, ಪೈಪಿಗೆ ಅಂಟದೆ ಇರುತ್ತದಾ? ಮುದ್ದೆ ಪಾತ್ರೆಯ ತಳಕ್ಕೆ ಹಿಡಿದದ್ದು ನೆನೆದು ಸಿಂಕಿಗೆ ಹೋಗುತ್ತದೆ. ಡಿಕಾಕ್ಷನ್ ತೆಗೆದು ಉಳಿದ ಕಾಫಿ ಪುಡಿ ಮರಳಿನ ಹಾಗೆ ತಳದಲ್ಲಿ ಕೂರುತ್ತದೆ. ಪಾತ್ರೆ ಉಜ್ಜುವ ಬೂದಿಯೂ ಹಾಗೇ. ತೆಂಗಿನ ನಾರು ಇವನ್ನೆಲ್ಲ ಹೆಣೆದು ಹಿಡಿಯುತ್ತದೆ.

ಅಜ್ಜಿಯ ಮನೆಯಲ್ಲಿ ಇದೆಲ್ಲ ಇರಲಿಲ್ಲ ಅಂತ ಅಮ್ಮ ಹೇಳುತ್ತಾರೆ. ನಿಜ. ಅಲ್ಲಿ ಕಲಗಚ್ಚು ಎಮ್ಮೆಗೆ ಹೋಗುತ್ತಿತ್ತು, ಮುಸುರೆ ತೊಳೆದ ನೀರು ತೆರೆದ ಮೋರಿಯಲ್ಲಿ ಹರಿದು ಬಾಳೆಗಿಡದ ಬುಡಕ್ಕೆ, ಕೆಸುವಿನ ಪಾತಿಗೆ ಸೇರುತ್ತಿತ್ತು. ಅದೇ ಬೂದಿ, ಅದೇ ನಾರು, ಅದೇ ಕೈ. ಈಗ ಅಷ್ಟನ್ನೂ ಒಂದೂವರೆ ಇಂಚಿನ ಪೈಪಿನೊಳಗೆ ಕಳಿಸುತ್ತಿದ್ದೇವೆ.

ತಪ್ಪಿಸಲು ಒಂದೇ ಅಭ್ಯಾಸ ಸಾಕು: ತೊಳೆಯುವ ಮೊದಲು ಒರೆಸಿ. ಬಾಣಲೆ, ಒಗ್ಗರಣೆ ಸೌಟು, ತುಪ್ಪದ ಪಾತ್ರೆಗಳನ್ನು ಹಳೇ ಪೇಪರಿನಿಂದ ಒರೆಸಿ ಕಸಕ್ಕೆ ಹಾಕಿ. ಹಿಟ್ಟಿನ ಪಾತ್ರೆಯ ಮೊದಲ ತೊಳೆದ ನೀರು ಗಿಡಕ್ಕೆ. ಕಾಫಿ ಪುಡಿಯೂ ಗಿಡಕ್ಕೆ. ಬಜ್ಜಿ ಕರಿದು ಉಳಿದ ಎಣ್ಣೆ ಆರಿದ ಮೇಲೆ ಬಾಟಲಿಗೆ ತುಂಬಿಡಿ, ಇಲ್ಲವೇ ಪೇಪರ್ ಚೂರುಗಳಿಗೆ ಹೀರಿಸಿ ಕಸಕ್ಕೆ ಹಾಕಿ. ಹಲಸಿನ ಹಣ್ಣು ಬಿಡಿಸಿದ ದಿನ ಅಂಟು ಕೈ ಸಿಂಕಿನಲ್ಲಿ ತೊಳೆಯಲೇಬೇಡಿ. ಎಣ್ಣೆ ಹಚ್ಚಿ, ಕಾಗದಕ್ಕೆ ಒರೆಸಿ, ಆಮೇಲೆ ಸೋಪು.

ಕುದಿಯುವ ನೀರು ಹಾಕಿದರೆ ಜಿಡ್ಡು ಕರಗುವುದಿಲ್ಲವಾ?

ಕರಗುತ್ತದೆ, ಸ್ವಲ್ಪ ಮುಂದೆ ಹೋಗಿ ಮತ್ತೆ ಹೆಪ್ಪುಗಟ್ಟುತ್ತದೆ. ಜೊತೆಗೆ ಪಿವಿಸಿ ಪೈಪು ಕುದಿಯುವ ನೀರನ್ನು ತಡೆಯುವುದಿಲ್ಲ, ಮೆತ್ತಗಾಗಿ ಕೀಲುಗಳು ಸಡಿಲವಾಗುತ್ತವೆ. ಅನ್ನ ಬಸಿದ ಗಂಜಿಯನ್ನು ಒಲೆಯಿಂದ ನೇರ ಸಿಂಕಿಗೆ ಸುರಿಯುವ ಅಭ್ಯಾಸವಿದ್ದರೆ ಬಿಡಿ. ಬಿಸಿಯೂ ಕೆಟ್ಟದ್ದು, ಗಂಜಿಯೂ ಅಂಟು. ಸ್ನಾನಕ್ಕೆ ಹದವಾದ ಬಿಸಿನೀರು, ಒಂದಿಷ್ಟು ಪಾತ್ರೆ ಸೋಪಿನ ಜೊತೆ, ವಾರಕ್ಕೊಮ್ಮೆ ಒಂದು ಬಕೆಟ್ ಹಾಕಿದರೆ ಒಳ್ಳೆಯದೇ. ಕಮೋಡಿಗೆ ಕುದಿಯುವ ನೀರು ಬೇಡವೇ ಬೇಡ, ಪಿಂಗಾಣಿ ಬಿರುಕು ಬಿಡಬಹುದು.

ಅಡುಗೆ ಸೋಡಾ ಮತ್ತು ವಿನೆಗರ್?

ನೊರೆ ಚೆನ್ನಾಗಿ ಬರುತ್ತದೆ. ಸೋಡಾ ಕ್ಷಾರ, ವಿನೆಗರ್ ಹುಳಿ. ಎರಡೂ ಒಂದನ್ನೊಂದು ತಣಿಸಿಕೊಂಡು ಕೊನೆಗೆ ಉಳಿಯುವುದು ಬಹುಪಾಲು ಉಪ್ಪಿನಂಥ ನೀರು. ನೊರೆಯ ಗಾಳಿ ಮೇಲಕ್ಕೇ ಹೋಗಿಬಿಡುತ್ತದೆ. ವಾಸನೆಗೆ ಪರವಾಗಿಲ್ಲ, ಕಟ್ಟಿದ ಪೈಪಿಗೆ ಇದನ್ನು ನಂಬಬೇಡಿ.

ಅಂಗಡಿಯಲ್ಲಿ ಸಿಗುವ ಪುಡಿ, ಆಸಿಡ್ ಹಾಕಬಹುದಾ?

ನನ್ನ ಅಭಿಪ್ರಾಯ ಕೇಳಿದರೆ, ನೀರು ನಿಧಾನವಾಗಿಯಾದರೂ ಇಳಿಯುತ್ತಿದ್ದಾಗ, ಬೇರೆ ದಾರಿ ಕಾಣದಿದ್ದಾಗ ಮಾತ್ರ ಪುಡಿ. ಆಸಿಡ್ ಎಂದೂ ಬೇಡ.

ಈ ಪುಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಕಾಸ್ಟಿಕ್ ಸೋಡಾ. ಜಿಡ್ಡನ್ನು ಸೋಪಾಗಿಸುತ್ತದೆ, ಕೂದಲನ್ನು ಕರಗಿಸುತ್ತದೆ. ನೀರು ತಾಗಿದರೆ ತುಂಬ ಬಿಸಿಯಾಗುತ್ತದೆ. ಪೂರ್ತಿ ಕಟ್ಟಿದ ಪೈಪಿಗೆ ಹಾಕಿದರೆ ಅಲ್ಲೇ ಕೂತು ಕಲ್ಲಿನ ಹಾಗೆ ಗಟ್ಟಿಯಾಗಬಹುದು. ಆಮೇಲೆ ಬಿಚ್ಚಲು ಬರುವ ಪ್ಲಂಬರ್ ಕೈ ಸುಡುತ್ತದೆ. ಹಾಕಿದ್ದರೆ ಅವರಿಗೆ ಮೊದಲೇ ಹೇಳಿ, ಮುಚ್ಚಿಡಬೇಡಿ. ಹಾಕುವಾಗ ಕೈಗವಸು, ಕನ್ನಡಕ, ತೆರೆದ ಕಿಟಕಿ, ಪ್ಯಾಕೆಟ್ ಮೇಲೆ ಬರೆದಷ್ಟೇ ಅಳತೆ, ತಣ್ಣೀರು. ಅಲ್ಯೂಮಿನಿಯಂ ಪಾತ್ರೆ ಹತ್ತಿರ ಬೇಡ.

ಬಾತ್‌ರೂಮ್ ಆಸಿಡ್ ಬಿಳಿ ಕಲೆ ತೆಗೆಯುತ್ತದೆ ನಿಜ. ಜಿಡ್ಡಿಗೂ ಕೂದಲಿಗೂ ಅದರಿಂದ ಹೆಚ್ಚೇನೂ ಆಗುವುದಿಲ್ಲ. ಬದಲಿಗೆ ಸಿಮೆಂಟ್ ಕೀಲು, ಮೊಸಾಯಿಕ್ ನೆಲ, ನಲ್ಲಿಯ ಹೊಳಪನ್ನು ತಿನ್ನುತ್ತದೆ.

ಒಂದನ್ನು ಮಾತ್ರ ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಹೇಳಿ: ಎರಡು ಬಾಟಲಿ ಬೆರೆಸಬೇಡಿ. ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಹೆಚ್ಚಾಗಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ. ಅದರ ಮೇಲೆ ಬ್ಲೀಚ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಚಿಕ್ಕ ಬಾತ್‌ರೂಮಿನಲ್ಲಿ ಅದು ಜೀವಕ್ಕೇ ಅಪಾಯ. ಆಸಿಡ್ಡಿಗೆ ಕಾಸ್ಟಿಕ್ ಸೇರಿದರೆ ಕುದಿದು ಸಿಡಿಯುತ್ತದೆ. ಮೈಮೇಲೆ ಬಿದ್ದರೆ ಹರಿಯುವ ನೀರಿನಲ್ಲಿ ಕಡಿಮೆಯೆಂದರೆ ಇಪ್ಪತ್ತು ನಿಮಿಷ ತೊಳೆಯಿರಿ, ಕಣ್ಣಿಗೆ ಬಿದ್ದರೂ ಹಾಗೇ ತೊಳೆದು ಆಸ್ಪತ್ರೆಗೆ ಓಡಿ. ಮಗು ಬಾಯಿಗೆ ಹಾಕಿಕೊಂಡರೆ ವಾಂತಿ ಮಾಡಿಸಬೇಡಿ. ಪ್ಯಾಕೆಟ್ ಕೈಯಲ್ಲಿ ಹಿಡಿದು ತಕ್ಷಣ ಆಸ್ಪತ್ರೆಗೆ ಹೋಗಿ.

ಬಚ್ಚಲಲ್ಲಿ ಸ್ನಾನ ಮಾಡುತ್ತಿದ್ದಂತೆ ಕಾಲಡಿ ನೀರು ನಿಲ್ಲುತ್ತದೆ.

ಕೂದಲು. ಜೊತೆಗೆ ಸೋಪು. ಬೋರ್‌ವೆಲ್ ನೀರು ಗಡಸಾದ್ದರಿಂದ ಸೋಪು ಪೂರ್ತಿ ಕರಗದೆ ಬಿಳಿ ಕೆನೆಯಾಗಿ ಕೂದಲಿಗೆ ಮೆತ್ತಿಕೊಳ್ಳುತ್ತದೆ. ದೀಪಾವಳಿಯ ಎಣ್ಣೆಸ್ನಾನ ಆದ ಮೇಲೆ ನಮ್ಮ ಬಚ್ಚಲಂತೂ ಎರಡು ದಿನ ಮುನಿಸಿಕೊಳ್ಳುತ್ತಿತ್ತು. ಎಣ್ಣೆ, ಸೀಗೆಪುಡಿ, ಕಡಲೆಹಿಟ್ಟು, ಉದುರಿದ ಕೂದಲು ಎಲ್ಲ ಒಟ್ಟಿಗೆ! ಈಗ ಅವತ್ತು ಜಾಲರಿಯ ಮೇಲೆ ಹಳೇ ಬಟ್ಟೆ ಚೂರು ಹಾಸುತ್ತೇವೆ.

ನೆಲದ ಜಾಲರಿ ಎತ್ತಿ ನೋಡಿ. ಕೆಳಗೆ ನಹಾನಿ ಟ್ರ್ಯಾಪ್ ಇರುತ್ತದೆ. ಅದರಲ್ಲಿ ಕವುಚಿ ಹಾಕಿದ ಚಿಕ್ಕ ಕಪ್ಪಿದ್ದರೆ ತೆಗೆದು ತೊಳೆಯಿರಿ. ಗ್ಲೌಸ್ ಹಾಕಿ ಕೈಯಲ್ಲೇ ಕೂದಲು ಎಳೆಯಿರಿ. ಇನ್ನೂ ಒಳಗಿದ್ದರೆ ಅಂಚಿನಲ್ಲಿ ಹಲ್ಲುಗಳಿರುವ ಪ್ಲಾಸ್ಟಿಕ್ ಪಟ್ಟಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಇಳಿಸಿ ತಿರುಗಿಸಿ ಎಳೆದರೆ ಜಡೆಯೇ ಬರುತ್ತದೆ. ಅದಕ್ಕೂ ದೂರ ಇದ್ದರೆ ಡ್ರೈನ್ ಸ್ಪ್ರಿಂಗ್, ಅಂದರೆ ಪೈಪಿನೊಳಗೆ ಬಾಗಿ ಹೋಗುವ ಉದ್ದನೆಯ ತಂತಿ ಸುರುಳಿ. ಕೋಲು, ಕಬ್ಬಿಣದ ಸರಳು ಹಾಕಿ ಚುಚ್ಚಿದರೆ ಕಸ ಇನ್ನೂ ಆಳಕ್ಕೆ ಹೋಗಿ ತಿರುವಿನಲ್ಲಿ ಕೂರುತ್ತದೆ.

ಗಣೇಶನ ಹಬ್ಬದ ಮಾತೂ ಹೇಳಬೇಕು. ಮಣ್ಣಿನ ಗಣೇಶನನ್ನು ಮನೆಯ ಬಕೆಟ್ಟಿನಲ್ಲೇ ಬಿಡುವವರು ಈಗ ಜಾಸ್ತಿ, ಅದು ಒಳ್ಳೆಯದೇ. ಆದರೆ ಆ ನೀರನ್ನು ಬಚ್ಚಲಿಗೆ ಸುರಿಯಬೇಡಿ. ಜೇಡಿಮಣ್ಣು ಟ್ರ್ಯಾಪಿನ ತಳದಲ್ಲಿ ಇಟ್ಟಿಗೆಯ ಹಾಗೆ ಕೂರುತ್ತದೆ. ತುಳಸಿ ಕಟ್ಟೆಗೋ ಹೂಕುಂಡಕ್ಕೋ ಹಾಕಿ.

ನೀರು ಸರಿಯಾಗಿ ಇಳಿಯುತ್ತದೆ, ಆದರೆ ವಾಸನೆ, ಜಿರಳೆ.

ಟ್ರ್ಯಾಪಿನಲ್ಲಿ ಸುಮಾರು 50 ಮಿಲಿಮೀಟರ್ ನೀರು ಯಾವಾಗಲೂ ನಿಂತಿರಬೇಕು. ಮೋರಿಯ ಗಾಳಿಗೂ ನಮ್ಮ ಮನೆಗೂ ನಡುವೆ ಬಾಗಿಲು ಅದೇ. ಊರಿಗೆ ಹೋಗಿ ಮೂರು ವಾರ ಬಿಟ್ಟು ಬಂದರೆ, ಅತಿಥಿಗಳ ಬಾತ್‌ರೂಮು ಬಳಸದೇ ಇದ್ದರೆ ಆ ನೀರು ಆರಿಹೋಗುತ್ತದೆ. ಎರಡು ಮಗ್ಗು ನೀರು ಹಾಕಿದರೆ ಸರಿ. ಬಹಳ ದಿನ ಹೋಗುವುದಿದ್ದರೆ ನೀರಿನ ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಡಿ, ಬೇಗ ಆರುವುದಿಲ್ಲ. ನಾನು ಎಣ್ಣೆ ಹಾಕಲು ಹೇಳುವುದು ಇದೊಂದೇ ಕಡೆ. ನೀರು ಬೇಗ ಇಳಿಯಲಿ ಅಂತ ನಹಾನಿಯ ಕಪ್ಪನ್ನು ತೆಗೆದು ಎಸೆದಿದ್ದರೆ ಹೊಸದು ತಂದು ಹಾಕಿ.

ಕಮೋಡ್ ಕಟ್ಟಿಕೊಂಡಿದೆ.

ಮತ್ತೆ ಮತ್ತೆ ಫ್ಲಶ್ ಮಾಡಬೇಡಿ, ತುಂಬಿ ಹೊರಗೆ ಬರುತ್ತದೆ. ಕಮೋಡಿಗೆ ಕೆಳಗೆ ಇನ್ನೊಂದು ತುಟಿ ಇರುವ ಪ್ಲಂಜರ್ ಬೇಕು, ಸಿಂಕಿನದು ಸಾಲದು. ಪ್ಲಂಜರ್ ಇಲ್ಲದಿದ್ದರೆ, ನೀರಿನ ಮಟ್ಟ ಕೆಳಗಿರುವಾಗ ಒಂದು ಬಕೆಟ್ ನೀರನ್ನು ಸೊಂಟದೆತ್ತರದಿಂದ ಒಮ್ಮೆಲೇ ಸುರಿದು ನೋಡಿ. ಪ್ಯಾಡ್, ಡಯಾಪರ್, ಒದ್ದೆ ಟಿಶ್ಯೂ, ಹತ್ತಿ, ಇವು ಕರಗುವುದಿಲ್ಲ. ಪ್ಯಾಡ್ ನೀರು ಹೀರಿ ಊದಿಕೊಳ್ಳುತ್ತದೆ. ಕಾಗದದಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಬೇರೆಯಾಗಿ ಕಸದವರಿಗೆ ಕೊಡಿ. ಮನೆಗೆ ಬರುವ ಅತಿಥಿಗಳಿಗೂ ಮುಜುಗರವಾಗದ ಹಾಗೆ ಬಾತ್‌ರೂಮಿನಲ್ಲಿ ಮುಚ್ಚಳದ ಬುಟ್ಟಿಯೊಂದು ಇರಲಿ.

ಮಳೆ ಬಂದಾಗ ಮಾತ್ರ ಬಚ್ಚಲಲ್ಲಿ ನೀರು ಮೇಲೆ ಬರುತ್ತದೆ. ಯಾಕೆ?

ತಾರಸಿಯ ಮಳೆನೀರನ್ನು ಯಾರೋ ಯುಜಿಡಿಗೆ, ಅಂದರೆ ನೆಲದಡಿಯ ಒಳಚರಂಡಿಗೆ ಸೇರಿಸಿದ್ದಾರೆ. ನಿಮ್ಮ ಮನೆಯದ್ದೂ ಇರಬಹುದು, ನೋಡಿ. ಒಳಚರಂಡಿ ಪೈಪಿನ ಅಳತೆ ಮನೆಗಳ ಕೊಳಚೆ ನೀರಿಗೆ ಮಾತ್ರ. ಮಳೆನೀರು ಇಂಗುಗುಂಡಿಗೋ ಮಳೆನೀರಿನ ಚರಂಡಿಗೋ ಹೋಗಬೇಕು. ಬೆಂಗಳೂರಿನಲ್ಲಿ ಬೀದಿಯ ಒಳಚರಂಡಿ ಉಕ್ಕಿದರೆ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ. ಬೇರೆ ಊರುಗಳಲ್ಲಿ ನಗರಸಭೆ, ಪುರಸಭೆಗೆ ಹೇಳಿ.

ಚೇಂಬರ್ ಕಟ್ಟಿದೆ. ಐನೂರೋ ಸಾವಿರವೋ ಕೊಟ್ಟರೆ ಒಬ್ಬರು ಇಳಿದು ತೆಗೆಯುತ್ತಾರಂತೆ. ಕರೆಯಲಾ?

ಬೇಡ. ಎಷ್ಟೇ ಅವಸರವಿದ್ದರೂ ಬೇಡ.

ನಿಮ್ಮ ಅಂಗಳದ ಎರಡಡಿ ಆಳದ ಚೇಂಬರ್ ಬೇರೆ. ಮುಚ್ಚಳ ತೆಗೆದು ಹತ್ತು ನಿಮಿಷ ಗಾಳಿಯಾಡಲು ಬಿಟ್ಟು, ಹೊರಗೆ ನಿಂತೇ ಬಿದಿರಿನ ಸೀಳಿನಿಂದಲೋ ಸ್ಪ್ರಿಂಗಿನಿಂದಲೋ ಬಿಡಿಸಬಹುದು. ಕೈಗವಸು ಇರಲಿ, ತಲೆ ಒಳಗೆ ಹಾಕಬೇಡಿ. ಆದರೆ ಮ್ಯಾನ್‌ಹೋಲಿಗೆ, ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯ ಇಳಿಯಬಾರದು. ಅಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲ ಇರುತ್ತದೆ. ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆ ವಾಸನೆ. ಜಾಸ್ತಿಯಾದರೆ ಮೂಗೇ ಸತ್ತು ಹೋಗಿ ವಾಸನೆಯೇ ತಿಳಿಯುವುದಿಲ್ಲ. ವಾಸನೆ ಇಲ್ಲ ಅಂತ ಇಳಿದವರು ಬೀಳುತ್ತಾರೆ, ಎತ್ತಲು ಇಳಿದವರೂ ಬೀಳುತ್ತಾರೆ.

ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಸುರಕ್ಷಾ ಸಾಧನ, ಮುನ್ನೆಚ್ಚರಿಕೆ ಇಲ್ಲದೆ ಯಾರನ್ನಾದರೂ ಹೀಗೆ ಇಳಿಸುವುದು ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಮನೆ ಮಾಲೀಕರಿಗೂ ಇದು ಅನ್ವಯಿಸುತ್ತದೆ. ಒಳಚರಂಡಿಯಲ್ಲಿ ಸತ್ತವರ ಮನೆಯವರಿಗೆ 30 ಲಕ್ಷ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿತು. ಈ ಕೆಲಸದಿಂದ ಜನರನ್ನು ಬಿಡಿಸಲು ದಶಕಗಳಿಂದ ಹೋರಾಡುತ್ತಿರುವ ಬೆಜವಾಡ ವಿಲ್ಸನ್ ನಮ್ಮ ಕೋಲಾರ ಚಿನ್ನದ ಗಣಿಯಲ್ಲಿ ಹುಟ್ಟಿ ಬೆಳೆದವರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಾನು ಬಾಣಲೆ ಒರೆಸುವಾಗಲೆಲ್ಲ ಈ ಮಾತು ಮನಸ್ಸಿನಲ್ಲಿರುತ್ತದೆ. ನಾವು ಸಿಂಕಿಗೆ ಬಿಟ್ಟ ಜಿಡ್ಡನ್ನು ಮುಂದೆಲ್ಲೋ ಯಾರೋ ತೆಗೆಯಬೇಕು.

ರಭಸದ ನೀರು ಹಾಯಿಸಿ ಕಸ ಬಿಡಿಸುವ ಜೆಟ್ಟಿಂಗ್ ಗಾಡಿ, ಕೊಳಚೆ ಹೀರಿ ತೆಗೆಯುವ ಸಕ್ಕಿಂಗ್ ಗಾಡಿ ಇರುವುದೇ ಇದಕ್ಕೆ. ಅಪಾರ್ಟ್‌ಮೆಂಟಿನಲ್ಲಿ ದುಡ್ಡು ಜಾಸ್ತಿ ಅಂತ ಯಾರಾದರೂ ಗೊಣಗಿದರೆ ಅವರಿಗೆ ಇದನ್ನು ಓದಿ ಹೇಳಿ.

ಸೆಪ್ಟಿಕ್ ಟ್ಯಾಂಕ್ ಎಷ್ಟು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು?

ಎರಡು ಮೂರು ವರ್ಷಕ್ಕೊಮ್ಮೆ, ತುಂಬಿ ಉಕ್ಕುವ ತನಕ ಕಾಯದೆ. ಬ್ಲೀಚು, ಕಾಸ್ಟಿಕ್ ಜಾಸ್ತಿ ಹೋದರೆ ಒಳಗೆ ಕೊಳೆಸುವ ಸೂಕ್ಷ್ಮಜೀವಿಗಳು ಸಾಯುತ್ತವೆ, ಟ್ಯಾಂಕ್ ಬೇಗ ತುಂಬುತ್ತದೆ.

ಹೊಸ ಮನೆ ಕಟ್ಟಿಸುತ್ತಿದ್ದೇವೆ. ಈಗಲೇ ಏನು ನೋಡಿಕೊಳ್ಳಬೇಕು?

ಇಳಿಜಾರು. ಎರಡು ಇಂಚಿನ ಪೈಪಿಗೆ ಪ್ರತಿ ಅಡಿ ಉದ್ದಕ್ಕೆ ಕಾಲು ಇಂಚು ಇಳಿತ ಬೇಕು. ಟೈಲ್ಸ್ ಹಾಕುವ ಮೊದಲು ನೀವೇ ನಿಂತು ಲೆವೆಲ್ ಹಿಡಿಸಿ. ಆಮೇಲೆ ಗೊತ್ತಾದರೆ ನೆಲ ಒಡೆಯಬೇಕು. ನೇರ ತೊಂಬತ್ತು ಡಿಗ್ರಿ ತಿರುವಿನ ಬದಲು ಎರಡು ನಲವತ್ತೈದು ಡಿಗ್ರಿ ಬೆಂಡು ಹಾಕಿಸಿ. ತಿರುವು ಇರುವಲ್ಲೆಲ್ಲ ಬಿಚ್ಚಿ ನೋಡಲು ಬಾಗಿಲಿರುವ ಬೆಂಡೇ ಇರಲಿ. ಗಾಳಿ ಪೈಪು ತಾರಸಿಯ ಮೇಲಕ್ಕೆ ಹೋಗಲಿ. ಅದಿಲ್ಲದ ಮನೆಯಲ್ಲಿ ಫ್ಲಶ್ ಮಾಡಿದಾಗೆಲ್ಲ ಬಚ್ಚಲು ಗುಳುಗುಳು ಅನ್ನುತ್ತದೆ. ಪೈಪುಗಳನ್ನು ಮುಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಕೆಲಸ ಮುಗಿದ ಮೇಲೆ ಮೇಸ್ತ್ರಿಗಳು ಸಿಮೆಂಟ್ ಕೈ, ಗ್ರೌಟ್ ಬಕೆಟ್ ನಿಮ್ಮ ಹೊಸ ಬಚ್ಚಲಲ್ಲೇ ತೊಳೆಯದ ಹಾಗೂ ನೋಡಿಕೊಳ್ಳಿ.

ಮನೆಯಲ್ಲಿ ಯಾವ ಸಾಮಾನು ಇಟ್ಟುಕೊಂಡಿರಲಿ?

ಸಿಂಕಿಗೊಂದು, ಕಮೋಡಿಗೊಂದು ಪ್ಲಂಜರ್. ಹಲ್ಲಿನ ಪ್ಲಾಸ್ಟಿಕ್ ಪಟ್ಟಿ. ಹತ್ತು ಹದಿನೈದು ಅಡಿಯ ಡ್ರೈನ್ ಸ್ಪ್ರಿಂಗ್. ಸಿಂಕಿಗೂ ಬಚ್ಚಲಿಗೂ ಸ್ಟೀಲ್ ಜಾಲರಿ. ರಬ್ಬರ್ ಗ್ಲೌಸ್, ಅಡುಗೆಮನೆಗೆ ಬೇರೆ, ಬಚ್ಚಲಿಗೆ ಬೇರೆ. ಮತ್ತೆ ನಿಮ್ಮ ಬಾಟಲ್ ಟ್ರ್ಯಾಪಿನ ಅಳತೆಯ ಎರಡು ವಾಷರ್. ಹಳೆಯದನ್ನು ಅಂಗಡಿಗೆ ಒಯ್ದು ತೋರಿಸಿ ತನ್ನಿ, ಬಾಯಲ್ಲಿ ಹೇಳಿ ತಂದದ್ದು ಕೂರುವುದಿಲ್ಲ. ನಾನು ಅವನ್ನು ಸಿಂಕಿನ ಕೆಳಗೆ, ಕಪಾಟಿನ ಬಾಗಿಲ ಹಿಂದೆ ಒಂದು ಮೊಳೆಗೆ ತೂಗುಹಾಕಿದ್ದೇನೆ.